ಬೀರಯ್ಯನ ನೂರು ಸೇರು

ಅಮೃತೂರು ಸುತ್ತಿನಲ್ಲಿ ಮದುವೆ ಗೊತ್ತಾಯಿತೆಂದರೆ ಹೆಣ್ಣಿನ ಅಪ್ಪ ಮೊದಲು ಓಡುತ್ತಿದ್ದದ್ದು ಪುರೋಹಿತರ ಮನೆಗಲ್ಲ, ಚಿಕ್ಕಬೀರಯ್ಯನ ಮನೆಗೆ. ಮುಹೂರ್ತ ಬೇಕಾದರೆ ಒಂದು ವಾರ ಹಿಂದೆಮುಂದೆ ಆದೀತು, ಬೀರಯ್ಯ ಸಿಗದಿದ್ದರೆ ಊಟದ ಗತಿ ಏನು? ಕುಣಿಗಲ್, ಗುಬ್ಬಿ, ಅಷ್ಟೇಕೆ, ತುಮಕೂರು ಸಿಟಿಯ ಛತ್ರಗಳಲ್ಲೂ ಅವನ ಕೈಯಡಿಗೆ ಉಂಡವರಿದ್ದರು. ಆಳು ನೋಡಿದರೆ ಅಂಥದ್ದೇನೂ ಇಲ್ಲ. ಕುಳ್ಳು ಮೈ, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೊಂದು ಟವಲು, ಬಾಯಲ್ಲಿ ಸದಾ ಎಲೆಯಡಿಕೆ. ಆದರೆ ಕಂಕುಳಲ್ಲಿ ಹಿತ್ತಾಳೆ ಸೇರು ಇಟ್ಟುಕೊಂಡು ಅವನು ಬಸ್ಸಿನಿಂದ ಇಳಿದನೆಂದರೆ ಮದುವೆ ಮನೆಯವರು "ಸದ್ಯ, ಬಂದ ಪುಣ್ಯಾತ್ಮ" ಎಂದು ಉಸಿರು ಬಿಡುತ್ತಿದ್ದರು.

ಆ ಸೇರು ಅವನಿಗೆ ತಾಯಿಯಿಂದ ಬಂದದ್ದು. ಅಕ್ಕಿ ಅಳೆಯಲು ಕೂತಾಗ ಬೀರಯ್ಯ ಬೇರೆಯೇ ಮನುಷ್ಯನಾಗುತ್ತಿದ್ದ. ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಪೂರ್ವಕ್ಕೆ ಮುಖ ಮಾಡಿ ಮೂಟೆಯ ಮುಂದೆ ಚಕ್ಕಳಮಕ್ಕಳ ಹಾಕುತ್ತಿದ್ದ. ಮೊದಲ ಸೇರಿಗೆ 'ಒಂದು' ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಆಮೇಲೆ ಎರಡು, ಮೂರು. ಸೇರಿನ ಬಾಯಿ ಮಟ್ಟಕ್ಕೆ ತುಂಬಿ ಅಂಗೈಯಲ್ಲಿ ಸವರಿಬಿಡುವುದು ಅಂಗಡಿಯವರ ಬುದ್ಧಿ ಎಂದು ಅವನ ಮತ. ಅವನು ಎರಡೂ ಕೈಯಲ್ಲಿ ಬಾಚಿ ಬಾಚಿ ಸುರಿದು, ಸೇರಿನ ಮೇಲೆ ಗೋಪುರ ಎದ್ದು, ಇನ್ನೊಂದು ಕಾಳು ಬಿದ್ದರೆ ಜಾರುತ್ತದೆ ಎನ್ನುವವರೆಗೂ ಬಿಡುತ್ತಿರಲಿಲ್ಲ. ಹತ್ತು ಸೇರು ಆದ ಮೇಲೆ ಒಂದು ಸೇರು ಕೊಸರು. ಅದು ಲೆಕ್ಕಕ್ಕೆ ಸೇರುವಂತಿಲ್ಲ.

"ಲೆಕ್ಕಕ್ಕಿಲ್ದಿದ್ ಮ್ಯಾಲೆ ಯಾಕಾಕ್ತೀಯ ಬೀರಣ್ಣ?" ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು. "ಮದುವೆಗೆ ಕರೀದೆ ಬರೋನು ಒಬ್ಬ ಇದ್ದೇ ಇರ್ತಾನೆ ಕಣಯ್ಯ. ಅವ್ನು ನಿನ್ ಲೆಕ್ಕದಲ್ಲವ್ನಾ? ಅವ್ನ ಅಕ್ಕಿನೂ ಲೆಕ್ಕಕ್ಕಿಲ್ಲ."

ಎಂಟು ಜನಕ್ಕೆ ಒಂದು ಸೇರು. ಇದು ಅವನ ವೇದ, ಶಾಸ್ತ್ರ ಎಲ್ಲ. ನಾನೂರು ಜನ ಅಂದರೆ ಐವತ್ತು ಸೇರು, ಎಂಟುನೂರು ಅಂದರೆ ನೂರು. ಮದುವೆ ಮನೆಯವರು ಮೂಟೆಗಳನ್ನು ತಂದು ಒಟ್ಟಿರುತ್ತಿದ್ದರು, ಅವನು ತನಗೆ ಬೇಕಾದ್ದನ್ನು ಅಳೆದುಕೊಂಡು ಮಿಕ್ಕದ್ದನ್ನು ವಾಪಸು ಕೊಡುತ್ತಿದ್ದ. ಅದು ತೂಕಕ್ಕೆ ಎಷ್ಟಾಯಿತೆಂದು ಯಾರೂ ಕೇಳಲಿಲ್ಲ, ಅವನೂ ಯೋಚಿಸಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಪಂಕ್ತಿ ಅನ್ನಕ್ಕಾಗಿ ಕಾದು ಕೂತದ್ದಿಲ್ಲ. ತೊಂಬತ್ತಾರರಲ್ಲಿ ಗುಬ್ಬಿಯ ಒಂದು ಮದುವೆಗೆ ಹೇಳದೆ ಕೇಳದೆ ಒಂದು ಬಸ್ಸಿನಷ್ಟು ಜನ ಬಂದಿಳಿದಾಗ ಹುಡುಗಿಯ ಅಪ್ಪನಿಗೆ ಎದೆ ಹೊಡೆದುಕೊಂಡಿತ್ತು. ಬೀರಯ್ಯ ಬೀಡಿ ಹಚ್ಚಿಕೊಂಡು "ಕೂರ್ಸಿ, ಕೂರ್ಸಿ" ಎಂದಿದ್ದ ಅಷ್ಟೆ. ಎಲ್ಲರೂ ಉಂಡು, ಮೇಲೆ ಎರಡು ಬಕೆಟ್ ಅನ್ನ ಮಿಕ್ಕಿತ್ತು. ಆ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಹೆಂಡತಿ ಮಹಾಲಕ್ಷ್ಮಮ್ಮ "ಗುಬ್ಬಿ" ಎಂಬ ಮಾತು ಬಂದ ತಕ್ಷಣ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಕಾಲ ನಿಂತಲ್ಲೇ ನಿಲ್ಲುತ್ತದೆಯೆ? ಏಳು ವರ್ಷ ಅವನ ಹಿಂದೆ ಸೌಟು ಹಿಡಿದು ಓಡಾಡಿದ ಕನಕರಾಜು ತುಮಕೂರಿಗೆ ಹೋಗಿ ಸ್ವಂತ ಕೇಟರಿಂಗ್ ಮಾಡಿದ. ಹೆಸರಿನ ಕಾರ್ಡು ಹೊಡೆಸಿದ, ಮೊಬೈಲ್ ತಗೊಂಡ, ಒಂದು ದಪ್ಪ ನೋಟ್‌ಬುಕ್ ಇಟ್ಟ. ತಲೆಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ಗ್ರಾಂ ಬೇಳೆ, ಎಲ್ಲವೂ ಅದರಲ್ಲಿ. ಸಾಲದ್ದಕ್ಕೆ ಕೊಕ್ಕೆಗೆ ನೇತುಹಾಕಿ ಕೈಯಲ್ಲೇ ಹಿಡಿದು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಜೊತೆಗೆ ಒಯ್ಯುತ್ತಿದ್ದ. ಬೀರಯ್ಯನಿಗೆ ಅದನ್ನು ಕಂಡರೆ ಮೈಯುರಿ. "ಅಡಿಗೆಯವ್ನೋ, ಹಳೇ ಪೇಪರ್ ಕೊಳ್ಳೋನೋ?" ಎಂದು ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಿದ್ದ. ಕನಕರಾಜು ನಕ್ಕು ಸುಮ್ಮನಾಗುತ್ತಿದ್ದ. ಗುರು ಅಂದರೆ ಅವನಿಗೆ ಅಷ್ಟು ಮರ್ಯಾದೆ.

2004ರ ವೈಶಾಖದಲ್ಲಿ ಬೀರಯ್ಯನ ಒಬ್ಬಳೇ ಮಗಳು ಶೃತಿಯ ಮದುವೆ ಗೊತ್ತಾಯಿತು. ಹುಡುಗಿ ಟೀಚರ್ ಟ್ರೈನಿಂಗ್ ಮುಗಿಸಿ ಕುಣಿಗಲ್ಲಿನಲ್ಲಿ ಪಾಠ ಹೇಳುತ್ತಿದ್ದಳು. ಗಂಡು ತುಮಕೂರಿನಲ್ಲಿ ಗುಮಾಸ್ತ. ಗಂಡಿನ ತಾಯಿ ಚಿಕ್ಕಗಂಗಮ್ಮ ಗುಬ್ಬಿ ಕಡೆಯವಳು, ಗಟ್ಟಿ ಹೆಂಗಸು. ಹೆಣ್ಣು ನೋಡಲು ಬಂದ ದಿನವೇ ಕೊಟ್ಟ ಕಾಫಿ ಲೋಟವನ್ನು ಎತ್ತಿ ನೋಡಿ "ತಳ ದಪ್ಪ, ಕಾಫಿ ಕಮ್ಮಿ" ಎಂದು ನಕ್ಕಿದ್ದಳು. ಬೀರಯ್ಯನ ಎದೆಯಲ್ಲಿ ಅವತ್ತೇ ಒಂದು ಅಳುಕು ಕೂತಿತು.

ಮಹಾಲಕ್ಷ್ಮಮ್ಮ ಮೊದಲೇ ಕಟ್ಟಪ್ಪಣೆ ಮಾಡಿದಳು. "ಅವತ್ತು ನೀನು ಹೆಣ್ಣಿನ ಅಪ್ಪ. ಅಡಿಗೆ ಮನೆ ಕಡೆ ತಲೆ ಹಾಕಿದ್ರೆ ನೋಡು. ಧಾರೆ ಎರಿಯೋ ಕೈಲಿ ಮೆಣಸಿನಕಾಯಿ ಘಾಟು ಒಡೀಬಾರ್ದು." ಹೀಗಾಗಿ ಅಡಿಗೆಯ ಕೆಲಸ ಕನಕರಾಜುವಿಗೆ ಹೋಯಿತು. ಬೀರಯ್ಯನಿಗೆ ಒಳಗೊಳಗೇ ಕಸಿವಿಸಿ. ಸಾವಿರ ಮದುವೆಗೆ ಬೇಯಿಸಿದವನು ತನ್ನ ಮಗಳ ಮದುವೆಗೆ ಬಾಯಿ ಮುಚ್ಚಿಕೊಂಡು ಶಲ್ಯ ಹೊದ್ದು ಕೂರಬೇಕಂತೆ!

ಸಾಮಾನಿನ ಪಟ್ಟಿ ಬರೆಯಲು ಕನಕರಾಜು ನೋಟ್‌ಬುಕ್ ಹಿಡಿದು ಜಗಲಿ ಮೇಲೆ ಕೂತ. "ಎಷ್ಟು ಜನ ಅಣ್ಣ?"

"ಎಂಟುನೂರು. ಅಕ್ಕಿ ನೂರು ಸೇರು."

"ಅಂಗಡೀಲಿ ಕೆಜಿ ಕೇಳ್ತಾರಣ್ಣ. ಎಷ್ಟು ಕೆಜಿ ಬರ್ಕೊಳ್ಳಿ?"

"ನೂರು ಕೆಜಿ."

"ಸೇರಿಗೆ ಕೆಜಿನಾ?"

"ಮತ್ತಿನ್ನೇನ್ಲಾ? ಸೇರಂದ್ರೆ ಕೆಜಿ, ಕೆಜಿ ಅಂದ್ರೆ ಸೇರು. ಲೋಕಕ್ಕೆಲ್ಲ ಗೊತ್ತಿರೋ ವಿಷ್ಯ."

ಲೋಕಕ್ಕೆಲ್ಲ ಗೊತ್ತಿದ್ದದ್ದು ನಿಜ. ಸಂತೆಯಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ಕನಕರಾಜು ಪುಟ ತಿರುವಿ ತಲೆ ಕೆರೆದುಕೊಂಡ. "ನನ್ನ ಬುಕ್ಕಲ್ಲಿ ಎಂಟುನೂರು ಜನಕ್ಕೆ ನೂರಾ ಮೂವತ್ತು ಕೆಜಿ ಬರ್ತದಲ್ಲಣ್ಣ?"

ಬೀರಯ್ಯನಿಗೆ ನೆತ್ತಿಗೆ ಏರಿತು. "ಮೂವತ್ತು ಕೆಜಿ ಎಲ್ಲಿಗ್ಲಾ? ನಿಮ್ಮಾವನ್ ಮನೆಗಾ? ಸೌಟು ಇಡ್ಕೊಳ್ಳೋದು ಕಲಿಸ್ದೋನಿಗೇ ಅಕ್ಕಿ ಲೆಕ್ಕ ಏಳ್ಕೊಡ್ತೀಯಾ?"

"ಅವ್ನೇಳ್ದಂಗೆ ತರ್ಸ್‌ಬುಡು ಅತ್ಲಾಗೆ," ಎಂದು ಒಳಗಿನಿಂದ ಮಹಾಲಕ್ಷ್ಮಮ್ಮ ಕೂಗಿದಳು. "ಮಿಕ್ರೆ ಮನೇಲಿ ಉಣ್ಣಕಾಯ್ತದೆ."

"ನನ್ ಮಗಳ ಮದುವೇಲಿ ಮೂಟೆಗಟ್ಲೆ ಅಕ್ಕಿ ಮಿಕ್ತು ಅಂದ್ರೆ ನಾನ್ಯಾತರ ಅಡಿಗೆಯವ್ನು? ಬರಿಯೋ, ನೂರು."

ಕನಕರಾಜು ಬರೆದ. ಅಮೃತೂರಿನ ಅಕ್ಕಿ ಅಂಗಡಿ ಗುರುಸಿದ್ದಯ್ಯ ಇಪ್ಪತ್ತೈದು ಕೆಜಿಯ ನಾಲ್ಕು ಮೂಟೆ ಸೋನಾ ಮಸೂರಿ ಕಳಿಸಿದ. ಬಾಯಿ ಹೊಲಿದ ಹೊಸ ಮೂಟೆಗಳು. ಲಗ್ನಪತ್ರಿಕೆ ಹಂಚಲು ಊರೂರು ಅಲೆಯುತ್ತಿದ್ದ ಬೀರಯ್ಯನಿಗೆ ಅವನ್ನು ಬಿಚ್ಚಿ ಅಳೆಯುವ ಪುರುಸೊತ್ತು ಇರಲಿಲ್ಲ. ನಾಲ್ಕು ಇಪ್ಪತ್ತೈದಲೆ ನೂರು ಎಂದು ಬೆರಳಲ್ಲಿ ಎಣಿಸಿ, ಮೂಟೆಯ ಬೆನ್ನು ತಟ್ಟಿ ಹೋದ.

ಮದುವೆ ಅಮೃತೂರಿನಿಂದಾಚೆ, ಬೀರಯ್ಯನ ಹಳ್ಳಿಯ ಸಮುದಾಯ ಭವನದಲ್ಲಿ. ಮುಹೂರ್ತ ಹತ್ತೂವರೆಗೆ. ಧಾರೆಯಾಯಿತು, ಕಣ್ಣೀರಾಯಿತು, ಅಕ್ಷತೆಯಾಯಿತು. ಬೀರಯ್ಯ ರೇಷ್ಮೆ ಪಂಚೆ ಉಟ್ಟು ಮಂಟಪದಲ್ಲಿ ಕೂತಿದ್ದರೂ ಮೂಗು ಮಾತ್ರ ಅಡಿಗೆ ಮನೆಯಲ್ಲಿತ್ತು. ಸಾರಿಗೆ ಒಗ್ಗರಣೆ ಬಿದ್ದದ್ದು, ಹೋಳಿಗೆ ಹೆಂಚು ಬದಲಾಯಿಸಿದ್ದು, ಎಲ್ಲ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಅದಾದ ಮೇಲೆ ಮಡಿಲು ತುಂಬುವ ಶಾಸ್ತ್ರ. ಸೋದರತ್ತೆಯರು, ಚಿಕ್ಕಮ್ಮಂದಿರು, ಹದಿನಾಲ್ಕು ಜನ ಹೆಂಗಸರು ತಟ್ಟೆಯಲ್ಲಿ ತಲಾ ಎರಡು ಸೇರು ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿಣ, ಕುಂಕುಮ ತಂದು ಒಬ್ಬೊಬ್ಬರಾಗಿ ಶೃತಿಯ ಸೆರಗಿಗೆ ಸುರಿದರು. ಸೆರಗು ತುಂಬಿದ ಹಾಗೆಲ್ಲ ಅದನ್ನು ಒಂದು ಬಿಳಿಯ ಹೊಸ ಬಟ್ಟೆಗೆ ಬಗ್ಗಿಸಿ ಗಂಟು ಕಟ್ಟುತ್ತಾ ಹೋದರು. ಮಡ್ಲಕ್ಕಿ ಅಂದರೆ ಹೆಣ್ಣಿನ ಜೊತೆ ಗಂಡನ ಮನೆಗೆ ಹೋಗಬೇಕಾದ ಅಕ್ಕಿ; ಆ ಮನೆಯವರು ಮೊದಲು ಅದನ್ನು ಬೇಯಿಸಿ ಉಣ್ಣಬೇಕು. ಗಂಟು ಎಷ್ಟು ಭಾರವಾಯಿತೆಂದರೆ ಇಬ್ಬರು ಗಂಡಸರು ಹಿಡಿದು ಹೆಣ್ಣಿನ ಕೋಣೆಗೆ ಹೊತ್ತು ಹಾಕಿದರು. ಚಿಕ್ಕಗಂಗಮ್ಮ ಅದನ್ನು ಕಣ್ತುಂಬ ನೋಡಿ, ಮಗ್ಗುಲಲ್ಲಿದ್ದವಳಿಗೆ ಏನೋ ಹೇಳಿ ತಲೆದೂಗಿದಳು.

ತೌರಿನ ಪಾಲಿನ ಎರಡು ಸೇರು ಅಪ್ಪನ ಕೈಯಿಂದಲೇ ಆಗಬೇಕೆಂದು ಬೀರಯ್ಯನನ್ನು ಆ ಕೋಣೆಗೆ ಕರೆದರು. ಹೋಗುವಾಗ ಅವನು ಊಟದ ಹಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದ. ಎರಡನೆಯ ಪಂಕ್ತಿ ಏಳುತ್ತಿತ್ತು, ಮೂರನೆಯದು ಕೂರುತ್ತಿತ್ತು. ಬಡಿಸುವವನ ಕೈ ನೋಡಿದ ಬೀರಯ್ಯನ ಹೆಜ್ಜೆ ನಿಂತಿತು. ಸೌಟು ಪೂರ್ತಿ ತುಂಬಿ ಬರುತ್ತಿರಲಿಲ್ಲ. ಅನ್ನ ಹಾಕುವವನು ಎರಡನೆಯ ಸಲ ಕೇಳದೆ ಮುಂದಿನ ಎಲೆಗೆ ಜಾರುತ್ತಿದ್ದ. ಉಣ್ಣುವವರಿಗೆ ಇದು ತಿಳಿಯುವುದಿಲ್ಲ, ಬೇಯಿಸಿದವನಿಗೆ ಹೇಳಬೇಕಾಗಿಯೇ ಇಲ್ಲ.

ಕೋಣೆಯಲ್ಲಿ ಶೃತಿ, ಮಹಾಲಕ್ಷ್ಮಮ್ಮ ಇಬ್ಬರೇ ಇದ್ದರು. ಬೀರಯ್ಯ ಕೂತು, ತನ್ನ ಹಿತ್ತಾಳೆ ಸೇರಿಗೆ ಅಕ್ಕಿ ಬಾಚಿ "ಲಾಭ" ಎಂದು ಮಗಳ ಮಡಿಲಿಗೆ ಸುರಿದ. ಎರಡನೆಯದಕ್ಕೆ ಗೋಪುರ ಕಟ್ಟುತ್ತಿದ್ದಾಗ ಕನಕರಾಜು ಬಾಗಿಲು ಸರಿಸಿ ಒಳಗೆ ಬಂದು ಚಿಲಕ ಹಾಕಿದ.

"ಅಣ್ಣ, ಕಡೇ ಮೂಟೆ ಬೆಂದೋಯ್ತು. ಮೂರನೇ ಪಂಕ್ತಿಗೆ ಹೆಂಗೋ ಆಯ್ತದೆ. ನಾಕನೇದಕ್ಕೆ ಅನ್ನ ಇಲ್ಲ."

ನಾಲ್ಕನೆಯ ಪಂಕ್ತಿ ಯಾರದೆಂದು ಹೇಳಬೇಕಾಗಿರಲಿಲ್ಲ. ಫೋಟೋ ಮುಗಿಸಿ ಕೂರುವವರು ಗಂಡಿನ ಕಡೆಯವರು, ಇನ್ನೂರು ಜನ.

"ಆ ಗುರುಸಿದ್ದಯ್ಯ ತೂಕದಲ್ಲಿ ಹೊಡೆದವ್ನೆ," ಎಂದು ಬೀರಯ್ಯ ಹಲ್ಲು ಕಡಿದ.

"ಇಲ್ಲಣ್ಣ. ನಾಕು ಮೂಟೆನೂ ನಾನೇ ತೂಗ್ದೆ. ನೂರಕ್ಕೆ ನೂರು ಐತೆ." ಹೇಳುತ್ತಾ ಹೇಳುತ್ತಾ ಕನಕರಾಜುವಿನ ಕಣ್ಣು ಬೀರಯ್ಯನ ಕೈಯಲ್ಲಿದ್ದ ಸೇರಿನ ಮೇಲೆ ನಿಂತಿತು. "ಅಣ್ಣ, ನೂರು ಸೇರು ಅಂದ್ಯಲ್ಲ, ಅದು ಈ ಸೇರಾ? ಹಿಂಗೇ ಗೋಪುರ ಕಟ್ಟಿ?"

"ಮತ್ತೆ ಸೇರು ಇನ್ನೆಂಗ್ಲಾ ಅಳೀತಾರೆ?"

ಕನಕರಾಜು ಆ ಅಕ್ಕಿಯನ್ನು ಟವಲಿಗೆ ಸುರಿದು, ಗಂಟು ಹಾಕಿ, ಸೊಂಟದಲ್ಲಿದ್ದ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದ. ಮುಳ್ಳು ಒಂದು ಕೆಜಿ ದಾಟಿ, ಇನ್ನೂರು ಗ್ರಾಂ ಗೆರೆಯ ಮೇಲೆ ನಿಂತಿತು.

"ನಿನ್ ತಕ್ಕಡಿ ಕೆಟ್ಟೈತೆ."

"ಕೆಟ್ಟಿಲ್ಲಣ್ಣ. ಸೇರಿಗೆ ಇನ್ನೂರು ಗ್ರಾಂ ಜಾಸ್ತಿ ಅಂದ್ರೆ ನೂರು ಸೇರಿಗೆ ಇಪ್ಪತ್ತು ಕೆಜಿ. ಹತ್ತಕ್ಕೊಂದು ಕೊಸರು ಆಕ್ತಿದ್ಯಲ್ಲ, ಅದು ಇನ್ನತ್ತು ಸೇರು. ಅದೊಂದು ಹನ್ನೆರಡು ಕೆಜಿ. ಮೂವತ್ತೆರಡು ಕೆಜಿ ಕಮ್ಮಿ ತರ್ಸಿದೀವಿ."

ಬೀರಯ್ಯ ಗೋಡೆಗೆ ಒರಗಿ ಹಾಗೆಯೇ ಕುಸಿದ. ಇಪ್ಪತ್ತೆಂಟು ವರ್ಷ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ ಎಂದು ಹಾಕಿದ್ದೆಲ್ಲ ಇವತ್ತು ಲೆಕ್ಕಕ್ಕೆ ಬಂದು ಎದುರಿಗೆ ನಿಂತಿತ್ತು. ಕಂಡವರ ಮಕ್ಕಳ ಮದುವೆಯಲ್ಲಿ ಬಸ್ಸುಗಟ್ಟಲೆ ಜನಕ್ಕೆ ಸಾಲಿಸಿದವನು ಸ್ವಂತ ಮಗಳ ಮದುವೆಯಲ್ಲಿ ಬೀಗರ ಎಲೆಗೆ ಅನ್ನವಿಲ್ಲ ಎನ್ನಬೇಕು. ಇನ್ನು ಯಾವ ಮುಖ ಇಟ್ಟುಕೊಂಡು ಗುಬ್ಬಿಯಲ್ಲಿ ಬಸ್ಸಿಳಿಯುವುದು? ಅದೂ ಹೋಗಲಿ, ಶೃತಿ ಆ ಮನೆಯಲ್ಲಿ ಬಾಳಬೇಕಲ್ಲ. ನಿಮ್ಮಪ್ಪ ಹಾಕಿದ ಮದುವೆ ಊಟ ಎಂದು ಜೀವಮಾನವೆಲ್ಲ ಆಡಿ ತೋರಿಸುತ್ತಾರೆ. ಅವನಿಗೆ ನಿಜವಾಗಿ ಅಳು ಬಂತು. ಮಹಾಲಕ್ಷ್ಮಮ್ಮ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದನ್ನು ಕಂಡು ಅವನಿಗೆ ಇನ್ನೂ ಭಯವಾಯಿತು.

"ಗುರುಸಿದ್ದಯ್ಯನ ಅಂಗಡಿ ತೆಗ್ಸಿ ತರಾನಾ?" ಎಂದಳು ಅವಳು ಮೆಲ್ಲಗೆ.

"ಅವ್ನು ಮೂರನೇ ಪಂಕ್ತೀಲಿ ಈಗ ತಾನೆ ಎಲೆ ಮುಂದೆ ಕೂತವ್ನೆ, ಅಂಗಡಿ ಬೀಗದ ಕೈ ಸೊಂಟದಲ್ಲೇ ಐತೆ," ಎಂದ ಕನಕರಾಜು. "ಎಲೆಯಿಂದ ಎಬ್ಬಿಸಿದ್ರೆ ಇಡೀ ಹಾಲು ಯಾಕೆ ಅಂತ ಕೇಳ್ತದೆ. ಅಮೃತೂರಿಗೆ ಹೋಗಿ ಬರೋ ಹೊತ್ಗೆ ಬೀಗರು ಎಲೆ ಮೇಲೆ ನೀರು ಚಿಮುಕಿಸ್ಕೊಂಡು ಕೂತಿರ್ತಾರೆ. ಊರಲ್ಲಿ ಮನೆ ಮನೆ ಕೇಳಾನ ಅಂದ್ರೆ ಮನೆಗೆಲ್ಲ ಬೀಗ, ಎಲ್ರೂ ಇಲ್ಲೇ ಅವ್ರೆ."

ಆಗ ಶೃತಿ ಸೆರಗಿನ ಅಕ್ಕಿಯನ್ನು ಹಿಡಿದುಕೊಂಡೇ ಎದ್ದಳು. ಬಾಸಿಂಗ ಇನ್ನೂ ಹಣೆಯ ಮೇಲೇ ಇತ್ತು. ಮೂಲೆಯಲ್ಲಿದ್ದ ಬಿಳಿ ಗಂಟನ್ನು ಕಾಲಲ್ಲಿ ಒತ್ತಿ ನೋಡಿ "ಅಪ್ಪ, ಇದು ಎಷ್ಟು ಸೇರು?" ಎಂದಳು.

"ಇಪ್ಪತ್ತೆಂಟು. ನಂದೂ ಸೇರಿದ್ರೆ ಮೂವತ್ತು," ಎಂದ ಬೀರಯ್ಯ ಮೂಗು ಒರೆಸಿಕೊಳ್ಳುತ್ತಾ.

"ಸಾಕಾಗುತ್ತಾ?"

"ಅಯ್ಯೋ ಬುಡ್ತು ಅನ್ನು!" ಮಹಾಲಕ್ಷ್ಮಮ್ಮ ಬಾಯಿಗೆ ಕೈ ಇಟ್ಟುಕೊಂಡಳು. "ಮಡ್ಲಕ್ಕಿ ಕಣೇ ಅದು! ಗಂಡನ ಮನೇಲಿ ಬೆಂದು ಅವ್ರು ಉಣ್ಬೇಕಾದ್ದು."

"ನಾಲ್ಕನೇ ಪಂಕ್ತೀಲಿ ಕೂರೋರು ಯಾರಮ್ಮ?"

"ಬೀಗರು."

"ಉಣ್ಬೇಕಾದೋರೂ ಅವ್ರೇ ತಾನೆ? ಒಲೆ ನಮ್ದು, ಬಾಯಿ ಅವ್ರದ್ದೇ. ಕನಕಣ್ಣ, ಬಿಚ್ಚು ಗಂಟು."

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿತ್ತೋ ಇಲ್ಲವೋ, ಆ ಕೋಣೆಯಲ್ಲಿದ್ದವರಿಗಂತೂ ಹೊಳೆಯಲಿಲ್ಲ. ಬೀರಯ್ಯನಿಗೆ ಒಂದು ಕಡೆ ಹೆಮ್ಮೆ, ಒಂದು ಕಡೆ ಅಂಜಿಕೆ. ಕನಕರಾಜು ಗಂಟು ಬಿಚ್ಚಿದ. ಕೊಬ್ಬರಿ ಗಿಟುಕು, ಬೆಲ್ಲದಚ್ಚು, ಅರಿಶಿಣದ ಕೊಂಬು ಆರಿಸಿ ಪಕ್ಕಕ್ಕಿಟ್ಟು, ಬರಿ ಮಡಿಲಲ್ಲಿ ಹೋಗಬಾರದೆಂದು ಐದು ಹಿಡಿ ಅಕ್ಕಿ ಉಳಿಸಿ, ಮಿಕ್ಕದ್ದನ್ನು ಹಿಂದಿನ ಬಾಗಿಲಿನಿಂದ ಅಡಿಗೆ ಮನೆಗೆ ಸಾಗಿಸಿದ. ಮಹಾಲಕ್ಷ್ಮಮ್ಮ ದೇವರಿಗೆ ಕೈ ಮುಗಿದು ತಪ್ಪುಕಾಣಿಕೆ ಕಟ್ಟಿದಳು.

ಫೋಟೋದವನಿಗೆ ಆ ದಿನ ಬೀರಯ್ಯ ಮಾಡಿದ ಉಪಚಾರ ನೋಡಬೇಕಿತ್ತು. "ಇನ್ನೊಂದು ಪಟ ತೆಗಿಯಪ್ಪ, ಬೀಗಿತಿ ನಿಂತ್ಕೊಂಡಿದ್ದು. ಕೂತ್ಕೊಂಡಿದ್ದು ತೆಗಿ. ಅಣ್ಣ ತಮ್ಮಂದ್ರು ಬರ್ಲಿ." ಗಂಡಿನ ಕಡೆಯವರು ಇಂಥ ಮರ್ಯಾದೆ ಕಂಡಿರಲಿಲ್ಲ. ಅಷ್ಟರಲ್ಲಿ ಕೊಪ್ಪರಿಗೆಯಲ್ಲಿ ನೀರು ಮರಳಿತು, ಅಕ್ಕಿ ಬಿತ್ತು, ಬೆಂದಿತು, ಬಸಿದದ್ದಾಯಿತು. ಆದರೆ ಎಷ್ಟು ತೊಳೆದರೂ ಅರಿಶಿಣ ಪೂರ್ತಿ ಬಿಟ್ಟಿರಲಿಲ್ಲ. ಅನ್ನ ತೆಳುವಾಗಿ ಹಳದಿ ತಿರುಗಿತ್ತು.

ನಾಲ್ಕನೆಯ ಪಂಕ್ತಿಗೆ ಅನ್ನದ ಬಕೆಟ್ ಹಿಡಿದವನು ಸ್ವತಃ ಬೀರಯ್ಯ. ಹೆಂಡತಿಯ ಕಟ್ಟಪ್ಪಣೆ ಗಾಳಿಗೆ ಹೋಯಿತು. ಹೆಣ್ಣಿನ ಅಪ್ಪನೇ ಬಡಿಸಲು ನಿಂತದ್ದನ್ನು ಕಂಡು ಬೀಗರಿಗೆ ಸಂತೋಷವೋ ಸಂತೋಷ. ಚಿಕ್ಕಗಂಗಮ್ಮ ಮೊದಲ ತುತ್ತು ಕಲಸುವಾಗಲೇ ಎಲೆಗೆ ಬಗ್ಗಿ ನೋಡಿದಳು. "ಅಲ್ಲ ಬೀಗರೆ, ಅನ್ನ ಯಾಕೆ ಅರಿಶಿಣದ ಬಣ್ಣ ಐತೆ?"

"ಹೊಸಾ ತಳಿ ತಾಯಿ," ಎಂದ ಬೀರಯ್ಯ. ಹಿಂದೆ ಸಾರಿನ ಬಕೆಟ್ ಹಿಡಿದಿದ್ದ ಕನಕರಾಜುವಿಗೆ ಜೋರು ಕೆಮ್ಮು ಬಂತು.

"ಘಮ ಮಾತ್ರ ಚೆನ್ನಾಗೈತೆ," ಎಂದು ಅವಳು ಉಂಡಳು. ಸಾರಿಗೆ ಒಮ್ಮೆ, ರಸಕ್ಕೆ ಒಮ್ಮೆ, ಮಜ್ಜಿಗೆಗೆ ಒಮ್ಮೆ, ಮೂರು ಸಲ ಅನ್ನ ಹಾಕಿಸಿಕೊಂಡಳು. ಮೂರು ಸಲವೂ ಬೀರಯ್ಯ ಬಕೆಟ್ಟಿನೊಳಗೆ ನೋಡಿದ. ಕೊನೆಯ ಎಲೆಯವನು ಸಾಕು ಎಂದು ಕೈ ಅಡ್ಡ ಹಿಡಿದಾಗ ಅವನು ಬಕೆಟ್ ಕೆಳಗಿಟ್ಟು ಶಲ್ಯದಲ್ಲಿ ಮುಖ ಒರೆಸಿಕೊಂಡ.

ಗೆದ್ದೆವು ಎಂದುಕೊಂಡ ಮನುಷ್ಯ. ಹೆಣ್ಣು ಕಳಿಸುವ ಹೊತ್ತಾಯಿತು. ವ್ಯಾನು ಭವನದ ಮುಂದೆ ಬಂದು ನಿಂತಿತು. ಟ್ರಂಕು ಬಂತು, ಹಾಸಿಗೆ ಬಂತು. ಮಡ್ಲಕ್ಕಿ ಗಂಟನ್ನು ಗಂಡಿನ ಚಿಕ್ಕಪ್ಪ ಒಂದೇ ಕೈಯಲ್ಲಿ ಎತ್ತಿಕೊಂಡು ಬೀಸುತ್ತಾ ಬಂದ. ಗಾತ್ರವೇನೋ ಕೊಬ್ಬರಿ ಗಿಟುಕನ್ನು ಸಡಿಲವಾಗಿ ತುಂಬಿ ಕಟ್ಟಿದ್ದರಿಂದ ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣುತ್ತಿತ್ತು. ಆದರೆ ಚಿಕ್ಕಗಂಗಮ್ಮನ ಕಣ್ಣು ತಪ್ಪಿಸುವುದು ಸುಲಭವೆ?

"ತಡಿಯಪ್ಪ," ಎಂದಳು. "ಬೆಳಿಗ್ಗೆ ಇಬ್ರು ಏದುಸಿರು ಬುಟ್ಕೊಂಡು ಎತ್ತಿದ್ ಗಂಟು ಇದು. ಈಗ ನೀನೊಬ್ನೇ ಚಂಡಿನಂಗೆ ತರ್ತಿದೀಯ. ಬಿಚ್ಚು ಇಲ್ಲಿ." ಬಿಚ್ಚಿದರು. ಗಿಟುಕುಗಳ ನಡುವೆ ಐದು ಹಿಡಿ ಅಕ್ಕಿ. ಸುತ್ತ ನಿಂತ ನೆಂಟರೆಲ್ಲ ಕತ್ತು ಚಾಚಿದರು. ಅಕ್ಕಿ ತಂದಿದ್ದ ಹದಿನಾಲ್ಕು ಹೆಂಗಸರೂ ಅಲ್ಲೇ ಇದ್ದರು. ಬೀರಯ್ಯನಿಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು.

"ಇಷ್ಟೊಂದು ಅಕ್ಕಿ ಸುರಿದದ್ದು ನಾನೇ ಕಣ್ಣಾರೆ ನೋಡಿದೀನಿ. ಎಲ್ಲೋಯ್ತು?" ಎಂದು ಚಿಕ್ಕಗಂಗಮ್ಮ ಹೊಸ ಸೊಸೆಯ ಕಡೆ ತಿರುಗಿದಳು.

ಶೃತಿ ತಲೆ ತಗ್ಗಿಸಲಿಲ್ಲ. "ನಿಮ್ಮ ಹೊಟ್ಟೇಲಿದೆ ಅತ್ತೆ," ಎಂದಳು.

ಶೃತಿ ಒಂದನ್ನೂ ಮುಚ್ಚಿಡದೆ ಹೇಳಿದಳು, ಸೇರು, ಕೆಜಿ, ಮೂರನೆಯ ಪಂಕ್ತಿ, ಎಲ್ಲ. "ಇದನ್ನ ಬೇಯಿಸಿ ನಿಮಗೆ ಬಡಿಸಬೇಕಾದ್ದು ಹೆಂಗೂ ನಾನೇ. ಎರಡು ದಿನ ಮುಂಚೆ ಆಯ್ತು ಅಷ್ಟೆ."

ಬೀರಯ್ಯ ಗುಂಪು ಸರಿಸಿ ಮುಂದೆ ಬಂದು ಕೈ ಜೋಡಿಸಿದ. "ಮಗೀದೇನೂ ತಪ್ಪಿಲ್ಲ ತಾಯಿ. ಆ ಕನಕ ನೂರಾ ಮೂವತ್ತು ಅಂತ ಬಡ್ಕೊಂಡ. ನಾನೇ ಕೇಳ್ಲಿಲ್ಲ. ನಂದೇ ತಪ್ಪು." ಬೀರಯ್ಯನ ಬಾಯಿಂದ ಅಂಥ ಮಾತು ಬಂದದ್ದನ್ನು ಮಹಾಲಕ್ಷ್ಮಮ್ಮ ಅವತ್ತೇ ಮೊದಲು ಕೇಳಿದ್ದು.

ಚಿಕ್ಕಗಂಗಮ್ಮ ಅವನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಹೊಸಾ ತಳಿ!" ಎಂದವಳೇ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಮೂರು ಸತಿ ಆಕಿಸ್ಕೊಂಡೆ ಕಣವ್ವ! ಮನೆ ಒಸಿಲು ದಾಟೋಕ್ ಮುಂಚೆನೇ ಅತ್ತೆಗೆ ಉಣ್ಣಕಿಕ್ಕಿದ ಸೊಸೆನ ನಾನು ಕಂಡಿಲ್ಲ." ಅವಳು ನಕ್ಕ ಮೇಲೆ ಉಳಿದವರಿಗೇನು ಅಡ್ಡಿ? ಇಡೀ ಅಂಗಳ ನಕ್ಕಿತು.

ನಗು ನಿಂತ ಮೇಲೆ ಅವಳು ಬೀರಯ್ಯನನ್ನು ಕೇಳಿದಳು. "ನಿಮ್ದು ಊಟ ಆಯ್ತಾ ಬೀಗರೆ?"

"ಆಯ್ತು ತಾಯಿ."

"ಸುಳ್ಳು ಅತ್ತೆ," ಎಂದಳು ಶೃತಿ. "ಬೆಳಗಿಂದ ಒಂದಗುಳು ಬಾಯಿಗಿಟ್ಟಿಲ್ಲ."

ಚಿಕ್ಕಗಂಗಮ್ಮ ವ್ಯಾನಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿ, ಅನ್ನ ಏನಿದೆಯೋ ಅದನ್ನು ತರಲು ಹೇಳಿದಳು. ಕನಕರಾಜು ಕೊಪ್ಪರಿಗೆಯ ತಳ ಕೆರೆದು ಒಂದು ಎಲೆಯಷ್ಟು ತಂದ. ಅರ್ಧ ಹಳದಿ, ಅರ್ಧ ಸೀದು ಹೋದದ್ದು. ಬೀರಯ್ಯ ಹಿಂದಕ್ಕೆ ಸರಿದ. "ಬ್ಯಾಡ ತಾಯಿ, ಮಗಳ ಮಡ್ಲಕ್ಕಿ ಅದು. ತೌರಿನೋರು ಉಣ್ಬಾರ್ದು."

"ಅದು ನಮ್ ಮನೆಗೆ ಸೇರಿದ್ ಅಕ್ಕಿ ತಾನೆ? ಅಂದ್ಮೇಲೆ ನಮ್ದು. ನಾವು ಇಕ್ತಾ ಇದೀವಿ, ನೀವು ಉಣ್ಣಿ. ಬಡ್ಸವ್ವ ನಿಮ್ಮಪ್ಪಂಗೆ."

ಶೃತಿ ಧಾರೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಮೇಲೆ ಎಲೆ ಹಾಕಿದಳು. ಸಾವಿರ ಮದುವೆಗೆ ಅನ್ನ ಬೇಯಿಸಿದ ಚಿಕ್ಕಬೀರಯ್ಯ ರೇಷ್ಮೆ ಪಂಚೆಯಲ್ಲಿ ಚಕ್ಕಳಮಕ್ಕಳ ಕೂತು, ಸೀದ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು, ಅಳುತ್ತಾ ಉಂಡ. ಮಧ್ಯದಲ್ಲಿ ಸಾಕು ಎಂದು ಕೈ ಅಡ್ಡ ಹಿಡಿದರೆ ಮಗಳು ಬಿಡಲಿಲ್ಲ.

"ಇನ್ನೊಂದೇ ತುತ್ತು ಇದೆ, ಉಣ್ಣಪ್ಪ," ಎಂದಳು. ವ್ಯಾನಿನ ಡ್ರೈವರು ಹಾರ್ನ್ ಹೊಡೆಯುತ್ತಲೇ ಇದ್ದ.